ಕರಿಮದ್ದಿನ ಕೋವಿ ತುಂಬುವಾಗ ಆಗುವ ಸುಟ್ಟಗಾಯಗಳು

ಪ್ರಶ್ನೆ: ನಾನೂ ನನ್ನ ಗೆಳೆಯನೂ ಒಂದು ವರ್ಷದಿಂದ ಗುರಿ ಅಭ್ಯಾಸದ ಮೈದಾನದಲ್ಲಿ, ನಳಿಗೆಯ ಬಾಯಿಯಿಂದ ಮದ್ದು ತುಂಬುವ ಹಳೆಯ ಮಾದರಿಯ ಚಕಮಕಿ ಕೋವಿಗಳನ್ನು ಹಾರಿಸುತ್ತಿದ್ದೇವೆ. ಕಳೆದ ತಿಂಗಳು ಆತ ಮೂರನೆಯ ಈಡಿಗೆಂದು ಕುಪ್ಪಿಯಿಂದ ನೇರವಾಗಿ ನಳಿಗೆಗೆ ಮದ್ದು ಸುರಿಯುತ್ತಿದ್ದಾಗ ಅದು ಭಗ್ಗೆಂದು ಹೊತ್ತಿಕೊಂಡು ಬಲಗೈ, ಕೆನ್ನೆ, ಹುಬ್ಬು ಸುಟ್ಟವು. ಕುಪ್ಪಿಯ ತಳದಲ್ಲಷ್ಟೇ ಮದ್ದು ಉಳಿದಿತ್ತು. ಗಾಯ ಈಗ ಮಾಗಿದೆ, ಆದರೆ ಕೆನ್ನೆಯ ಮೇಲೆ ಕಪ್ಪು ಚುಕ್ಕೆಗಳು ಹಾಗೆಯೇ ಇವೆ. ಆತ ಕೋವಿಯ ಕುದುರೆಯನ್ನು (ಚಕಮಕಿ ಕಲ್ಲು ಹಿಡಿದು ಬಡಿಯುವ ಸುತ್ತಿಗೆ) ಮುಟ್ಟಿಯೇ ಇರಲಿಲ್ಲ. ಹಾಗಾದರೆ ಬೆಂಕಿ ಎಲ್ಲಿಂದ ಬಂತು? ತಕ್ಷಣ ಏನು ಮಾಡಬೇಕಿತ್ತು? ಚುಕ್ಕೆಗಳು ಹೋಗುತ್ತವೆಯೇ? ಮುಂದೆ ಕೈಗವಸು ಹಾಕಿಕೊಂಡರೆ ಸಾಕೇ?

ಉತ್ತರ: ಕುಪ್ಪಿಯಲ್ಲಿ ಮದ್ದು ತಳಕ್ಕೆ ಇಳಿದಿದ್ದುದೇ ನಿಮ್ಮ ಗೆಳೆಯರ ಬೆರಳುಗಳನ್ನು ಉಳಿಸಿರಬೇಕು. ಸುಟ್ಟಗಾಯಗಳಿಗೆ ಚಿಕಿತ್ಸೆ ಕೊಡುವುದು ನನ್ನ ವೃತ್ತಿ. ಕರಿಮದ್ದಿನ ಕೋವಿ ಹಾರಿಸುವುದು ಬಹಳ ವರ್ಷಗಳ ಹವ್ಯಾಸ. ಎರಡೂ ಕಡೆಯಿಂದ ನೋಡಿದವನಾಗಿ ಹೇಳುವುದಾದರೆ, ಈ ಕೋವಿಗಳನ್ನು ಕಂಡವರು ಹೆದರುವುದು ಗುಂಡು ಹಾರುವ ಗಳಿಗೆಗೆ, ಆದರೆ ಮೈ ಸುಟ್ಟುಕೊಳ್ಳುವುದು ಬಹುಮಟ್ಟಿಗೆ ಮದ್ದು ತುಂಬುವ ಗಳಿಗೆಯಲ್ಲಿ. ಗುಂಡಿನ ಹಿಂದೆ ಬಿಗಿಯಾಗಿ ಜಡಿದು ಕೂತ ಮದ್ದು ತನ್ನ ಬೆಂಕಿಯನ್ನು ನಳಿಗೆಯ ಬಾಯಿಯ ಕಡೆಗೇ ಉಗುಳುತ್ತದೆ. ಕುಪ್ಪಿಯಲ್ಲೋ, ಮೇಜಿನ ಮೇಲೋ, ತೆರೆದಿಟ್ಟ ಡಬ್ಬಿಯಲ್ಲೋ ಇರುವ ಮದ್ದಿಗೆ ಹಾಗೆ ದಿಕ್ಕು ತೋರಿಸುವವರು ಯಾರೂ ಇಲ್ಲ. ಹತ್ತಿರ ಯಾರ ಕೈ, ಯಾರ ಮುಖ ಇದೆಯೋ ಅದನ್ನು ಸುಡುತ್ತದೆ.

ಬೆಂಕಿ ಬಂದದ್ದು ಹಿಂದಿನ ಈಡಿನಿಂದ. ಕರಿಮದ್ದಿನಲ್ಲಿ ತೂಕದ ಲೆಕ್ಕದಲ್ಲಿ ಸುಮಾರು 75 ಭಾಗ ಪೆಟ್ಲುಪ್ಪು, 15 ಭಾಗ ಇದ್ದಿಲು, 10 ಭಾಗ ಗಂಧಕ ಇರುತ್ತದೆ. ಅದು ಉರಿದಾಗ ಎಲ್ಲವೂ ಅನಿಲವಾಗುವುದಿಲ್ಲ. ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಘನ ಪದಾರ್ಥವಾಗಿಯೇ ಉಳಿದು, ಒಂದಿಷ್ಟು ಬಿಳಿ ಹೊಗೆಯಾಗಿ ಹೊರಬಿದ್ದರೆ ಇನ್ನೊಂದಿಷ್ಟು ಮಡ್ಡಿಯಾಗಿ ನಳಿಗೆಯ ಒಳಮೈಗೆ ಅಂಟಿಕೊಳ್ಳುತ್ತದೆ. ಆ ಮಡ್ಡಿಯಲ್ಲೋ, ಗುಂಡಿಗೆ ಸುತ್ತಿದ್ದ ಬಟ್ಟೆಯ ಚೂರಿನಲ್ಲೋ, ತೋಟಾದ ಕಾಗದದ ತುಣುಕಿನಲ್ಲೋ ಒಂದು ಕೆಂಡದ ಕಣ ಸಿಕ್ಕಿಕೊಂಡರೆ, ಅದು ಹೊರಗೆ ಕಾಣದಂತೆ ನಳಿಗೆಯ ತಳದಲ್ಲಿ ಸ್ವಲ್ಪ ಹೊತ್ತು ಜೀವಂತವಾಗಿರಬಲ್ಲದು. ನಿಮ್ಮ ಗೆಳೆಯರು ಮೂರನೆಯ ಈಡಿಗೆ ಮದ್ದು ಸುರಿದಾಗ ಅದು ಹೋಗಿ ಬಿದ್ದದ್ದು ಇಂಥ ಕಣದ ಮೇಲೆ. ಕುದುರೆ, ಚಕಮಕಿ ಕಲ್ಲು ಯಾವುದರ ಅಗತ್ಯವೂ ಅಲ್ಲಿ ಇರಲಿಲ್ಲ.

ಇಷ್ಟೇ ಆಗಿದ್ದರೆ ಒಂದು ಈಡಿನ ಮದ್ದು ಮಾತ್ರ ಉರಿದು, ಕೈಯ ಕೂದಲು ಸುಟ್ಟು, ಚರ್ಮ ಕೆಂಪಾಗಿ ಮುಗಿಯುತ್ತಿತ್ತು. ಕೇಡಾದದ್ದು ಕುಪ್ಪಿಯ ಮೂತಿ ನಳಿಗೆಯ ಬಾಯಿಗೆ ತಾಗಿಕೊಂಡಿದ್ದುದರಿಂದ. ಸುರಿಯುವಾಗ ನಳಿಗೆಯ ತಳದಿಂದ ಕುಪ್ಪಿಯವರೆಗೆ ಮದ್ದಿನ ಒಂದು ಎಳೆಯೇ ಏರ್ಪಟ್ಟಿರುತ್ತದೆ, ಮತ್ತು ಬೆಂಕಿ ಆ ಎಳೆ ಹಿಡಿದು ಮೇಲೇರುವ ವೇಗಕ್ಕೆ ಮನುಷ್ಯನ ಕೈ ಸಾಟಿಯಲ್ಲ. ಸಾಧಾರಣ ರೈಫಲಿನ ಒಂದು ಈಡಿಗೆ ಬೇಕಾಗುವ ಮದ್ದು ಸುಮಾರು 4ರಿಂದ 6 ಗ್ರಾಂ. ತುಂಬಿದ ಕುಪ್ಪಿಯಲ್ಲಿ ನೂರು ಗ್ರಾಮಿಗೂ ಹೆಚ್ಚು ಇರಬಹುದು, ಅದೂ ಲೋಹದ ಗೋಡೆಗಳ ನಡುವೆ. ಹಾಗೆ ಬಂಧಿಯಾದ ಮದ್ದು ಹೊತ್ತಿಕೊಂಡರೆ ಅದನ್ನು ಸುಟ್ಟಗಾಯ ಎನ್ನುವುದಕ್ಕಿಂತ ಸಿಡಿಗುಂಡಿನ ಗಾಯ ಎನ್ನುವುದೇ ಸರಿ. ಕುಪ್ಪಿಯ ಮೂತಿಗೆ ಸ್ಪ್ರಿಂಗಿನ ಮುಚ್ಚಳವಿದೆ, ಅದು ತಡೆಯುತ್ತದೆ ಎಂದು ವಾದಿಸುವವರನ್ನು ನಾನು ನೋಡಿದ್ದೇನೆ. ಆ ಮುಚ್ಚಳವನ್ನು ಮಾಡಿರುವುದು ಮದ್ದನ್ನು ಅಳೆಯಲಿಕ್ಕೆ, ಬೆಂಕಿಯನ್ನು ತಡೆಯಲಿಕ್ಕಲ್ಲ.

ಹಾಗಾಗಿ ಈ ಹವ್ಯಾಸದಲ್ಲಿ ಒಂದೇ ಒಂದು ನಿಯಮವನ್ನು ಪಾಲಿಸುತ್ತೇನೆ ಎನ್ನುವವರಿಗೆ ನಾನು ಹೇಳುವುದು, ಕುಪ್ಪಿಯಿಂದಾಗಲಿ ಮದ್ದಿಡುವ ಕೊಂಬಿನಿಂದಾಗಲಿ ನೇರವಾಗಿ ನಳಿಗೆಗೆ ಮದ್ದು ಸುರಿಯಬಾರದು ಎಂಬುದನ್ನೇ. ಮೊದಲು ಅಳತೆಯ ಕೊಳವೆಗೆ ಒಂದು ಈಡಿನಷ್ಟು ಮದ್ದು ಸುರಿದುಕೊಳ್ಳಿ. ಕುಪ್ಪಿಯ ಬಾಯಿ ಮುಚ್ಚಿ, ಅದನ್ನು ಬೆನ್ನ ಹಿಂದಕ್ಕೆ ಸರಿಸಿ ಅಥವಾ ಹಿಂದಿನ ಮೇಜಿನ ಮೇಲಿಡಿ. ಮುಚ್ಚಳ ಬಿದ್ದ ಟಿಕ್ ಸದ್ದು ಕಿವಿಗೆ ಬೀಳುವವರೆಗೆ ನಳಿಗೆಯ ಕಡೆ ಕೈ ಹೋಗಬಾರದು. ಆಮೇಲೆ ನಳಿಗೆಯ ಬಾಯಿಯನ್ನು ಮುಖದಿಂದ ಆಚೆಗೆ ಓರೆ ಮಾಡಿ, ಕೊಳವೆಯನ್ನು ಬೆರಳ ತುದಿಗಳಲ್ಲಿ ಪಕ್ಕದಿಂದ ಹಿಡಿದು ಸುರಿಯಿರಿ. ಇಷ್ಟಾದರೆ, ಕೆಂಡ ಇದ್ದೇ ಇದ್ದರೂ ಸುಡುವುದು ಆ 4–6 ಗ್ರಾಂ ಮಾತ್ರ. ಮನೆಯಲ್ಲೇ ಒಂದೊಂದು ಈಡನ್ನು ಅಳೆದು ಸಣ್ಣ ಕೊಳವೆಗಳಲ್ಲಿ ತುಂಬಿಕೊಂಡು, ಮೈದಾನಕ್ಕೆ ಕುಪ್ಪಿಯನ್ನೇ ತರದಿರುವುದು ಇನ್ನೂ ಒಳ್ಳೆಯದು. ನಾನು ಮಾಡುವುದು ಹಾಗೆಯೇ.

ಮದ್ದು ಕೆಳಗೆ ಸೇರಿದ ಮೇಲೆ ಗಜದ, ಅಂದರೆ ಗುಂಡನ್ನು ಒಳಕ್ಕೆ ಜಡಿಯುವ ಉದ್ದ ಕೋಲಿನ, ಸರದಿ. ಗುಂಡು ಜಡಿಯುವಾಗ ಕೆಳಗಿರುವ ಮದ್ದು ಹೊತ್ತಿಕೊಂಡರೆ ಗಜವೇ ಬಾಣವಾಗಿ ಹಾರುತ್ತದೆ, ಅಂಗೈ ಅದರ ದಾರಿಯಲ್ಲಿದ್ದರೆ ಅಂಗೈಯನ್ನು ತೂರಿಕೊಂಡು ಹೋಗುತ್ತದೆ. ಆದ್ದರಿಂದ ಗಜದ ತಲೆಯ ಮೇಲೆ ಅಂಗೈ ಊರಿ ಒತ್ತದೆ, ಪಕ್ಕದಿಂದ ಬೆರಳುಗಳಲ್ಲಿ ಹಿಡಿದು, ಒಂದು ಸಲಕ್ಕೆ ಗೇಣುದ್ದ ಮೀರದ ಚಿಕ್ಕ ಚಿಕ್ಕ ಒತ್ತುಗಳಲ್ಲಿ ಇಳಿಸಬೇಕು. ಉದ್ದಕ್ಕೆ ಹಿಡಿದು ಜೋರಾಗಿ ಒತ್ತಿದರೆ ಮರದ ಗಜ ಮುರಿದು ಅದರ ಸೀಳೇ ಕೈಗೆ ಚುಚ್ಚುವುದೂ ಉಂಟು. ಗುಂಡು ಮದ್ದಿಗೆ ತಾಗಿ ಕೂತಿದೆ ಎಂಬುದನ್ನು ಗಜದ ಮೇಲೆ ಮಾಡಿಟ್ಟ ಗುರುತಿನಿಂದ ಖಚಿತಪಡಿಸಿಕೊಳ್ಳಿ, ಏಕೆಂದರೆ ನಡುವೆ ಜಾಗ ಬಿಟ್ಟು ಮೇಲೆಯೇ ನಿಂತ ಗುಂಡು ನಳಿಗೆಯನ್ನು ಉಬ್ಬಿಸಬಹುದು, ಸೀಳಲೂಬಹುದು. ಪ್ರತಿ ಈಡಿನ ನಂತರ ಒದ್ದೆ ಮಾಡಿ ಹಿಂಡಿದ ಬಟ್ಟೆಯ ತುಂಡನ್ನು ತಳದವರೆಗೂ ಇಳಿಸಿ ಒರೆಸಿ, ಬಳಿಕ ಒಣ ತುಂಡೊಂದನ್ನು ಆಡಿಸಿದರೆ ಮಡ್ಡಿಯೂ ಕರಗುತ್ತದೆ, ಕೆಂಡವೂ ನಂದುತ್ತದೆ. ಫಿರಂಗಿ ದಳಗಳಲ್ಲಿ ಪ್ರತಿ ಈಡಿಗೂ ಮೊದಲು ಒದ್ದೆ ಸ್ಪಂಜಿನ ಕೋಲು ಹಾಕುತ್ತಿದ್ದುದೂ, ಆ ಹೊತ್ತಿಗೆ ಒಬ್ಬ ಸಿಪಾಯಿ ಚರ್ಮದ ಹೊದಿಕೆಯ ಹೆಬ್ಬೆರಳಿನಿಂದ ಫಿರಂಗಿಯ ಹಿಂದಿನ ತೂತನ್ನು ಮುಚ್ಚಿ ಹಿಡಿದು ಗಾಳಿ ಆಡದಂತೆ ಮಾಡುತ್ತಿದ್ದುದೂ ಇದೇ ಭಯದಿಂದ. ಹಾರಿಸಿದ ಮೇಲೆ ನಳಿಗೆಗೆ ಬಾಯಿಟ್ಟು ಊದಿ ಮಡ್ಡಿಯನ್ನು ಮೆತ್ತಗೆ ಮಾಡುವ ಹಳೆಯ ಅಭ್ಯಾಸವೊಂದಿದೆ. ಅದನ್ನು ಸಮರ್ಥಿಸುವ ಅನುಭವಿಗಳಿದ್ದಾರೆ. ಕೋವಿಯ ಬಾಯಿಗೆ ಮುಖ ಕೊಡುವುದನ್ನು ನಾನಂತೂ ಒಪ್ಪಲಾರೆ.

ಕುದುರೆ ಬಿದ್ದರೂ ಈಡು ಹಾರದೆ ಹೋದಾಗ ಜನ ಮಾಡುವ ತಪ್ಪು, ಕೋವಿಯನ್ನು ಕೂಡಲೇ ಇಳಿಸಿ ಮುಖದ ಹತ್ತಿರ ತಂದು ನೋಡುವುದು. ಒಳಗೆ ಒದ್ದೆಯಾದ ಮದ್ದು ನಿಧಾನವಾಗಿ ಬೆಂಕಿ ಹಿಡಿಯುತ್ತಿರಬಹುದು. ಗುರಿಯ ಕಡೆಗೇ ನಳಿಗೆ ಚಾಚಿ, ಹೆಗಲಿಗೆ ಒತ್ತಿ ಹಿಡಿದು, ಕನಿಷ್ಠ ಒಂದು ನಿಮಿಷ ಪೂರ್ತಿ ಎಣಿಸಬೇಕು. ನಿಮಿಷವೆಂಬುದು ಕೋವಿ ಹಿಡಿದು ನಿಂತವನಿಗೆ ಬಹಳ ಉದ್ದ ಅನಿಸುತ್ತದೆ, ಆದ್ದರಿಂದ ಅಂದಾಜಿಗೆ ಬಿಡದೆ ಪಕ್ಕದವರಿಂದ ಗಡಿಯಾರ ನೋಡಿಸುವುದು ಲೇಸು.

ಚಕಮಕಿ ಕೋವಿಗೆಂದೇ ಇರುವ ಇನ್ನೊಂದು ಅಪಾಯವನ್ನು ನೀವು ಕೇಳಿಲ್ಲವಾದರೂ ಹೇಳಬೇಕು. ಕಲ್ಲು ಉಕ್ಕಿನ ತಟ್ಟೆಗೆ ಉಜ್ಜಿ ಕಿಡಿ ಬಿದ್ದಾಗ ನಳಿಗೆಯ ಪಕ್ಕಕ್ಕಿರುವ ಪುಟ್ಟ ಬಟ್ಟಲಿನ ಮದ್ದು ಮೇಲಕ್ಕೆ ಉರಿಯುತ್ತದೆ. ಒಳಗಿನ ಈಡು ಹೊತ್ತಿದ ಕ್ಷಣದಲ್ಲಿ ನಳಿಗೆಯ ಪಕ್ಕದ ಸಣ್ಣ ತೂತಿನಿಂದ ಬೆಂಕಿಯ ಒಂದು ಸಲಾಕೆ ಅಡ್ಡಕ್ಕೆ ಚಿಮ್ಮುತ್ತದೆ. ಬಲಗೈಯವರ ಕೋವಿಯಲ್ಲಿ ಅದು ಬಲಕ್ಕೆ ಚಿಮ್ಮುವುದರಿಂದ, ಹಾರಿಸುವವನಿಗೆ ಏನೂ ಆಗದೆ ಬಲಬದಿಯಲ್ಲಿ ನಿಂತವನ ಕುತ್ತಿಗೆಯೋ ಮುಂಗೈಯೋ ಸುಡುತ್ತದೆ. ಆ ಬದಿಗೆ ಯಾರೂ ಕೈಚಾಚುವಷ್ಟು ಹತ್ತಿರ ನಿಲ್ಲಬಾರದು, ತೆರೆದ ಮದ್ದಂತೂ ಇರಲೇಬಾರದು. ಸಾಲಾಗಿ ನಿಂತು ಹಾರಿಸುವಾಗ ಬಟ್ಟಲಿನ ಆಚೆ ಹಿತ್ತಾಳೆಯ ಸಣ್ಣ ಅಡ್ಡತಗಡನ್ನು ಕೂಡಿಸಿಕೊಳ್ಳುವುದು ಇದಕ್ಕಾಗಿಯೇ. ಕಲ್ಲಿನ ಬದಲು ಕೇಪು, ಅಂದರೆ ಬಡಿದರೆ ಕಿಡಿ ಕೊಡುವ ತಾಮ್ರದ ಪುಟ್ಟ ಟೊಪ್ಪಿ, ಬಳಸುವ ಕೋವಿಯಲ್ಲಿ ಬೆಂಕಿಗಿಂತ ಕೇಪಿನ ತಾಮ್ರದ ಚೂರುಗಳ ಭಯವೇ ಹೆಚ್ಚು. ಎರಡರಲ್ಲೂ ಪಕ್ಕಗಳನ್ನೂ ಮುಚ್ಚುವ ಗಟ್ಟಿ ಕನ್ನಡಕವಿಲ್ಲದೆ ಕುದುರೆ ಎತ್ತಬಾರದು. ಓದುವ ಕನ್ನಡಕ ಅದಕ್ಕೆ ಬದಲಿಯಲ್ಲ.

ಕರಿಮದ್ದಿನ ರಿವಾಲ್ವರ್ ನಿಮ್ಮಲ್ಲಿದ್ದರೆ ಒಂದು ಮಾತು. ಅದರ ತಿರುಗುವ ಸಿಲಿಂಡರಿನಲ್ಲಿ ಈಡು ತುಂಬುವ ಒಂದು ಕೋಣೆಯ ಬೆಂಕಿ ಪಕ್ಕದ ಕೋಣೆಗಳಿಗೂ ಹಬ್ಬಿ ಎರಡು ಮೂರು ಈಡು ಒಟ್ಟಿಗೆ ಹಾರುವುದುಂಟು. ಕೋಣೆಗೆ ಸಡಿಲವಾಗುವ ಗುಂಡು, ಸಡಿಲವಾಗಿ ಕೂತ ಕೇಪು ಇದಕ್ಕೆ ಕಾರಣ ಎನ್ನುತ್ತಾರೆ. ಯಾವುದರ ಪಾಲು ಹೆಚ್ಚೆಂಬ ಚರ್ಚೆ ಮುಗಿದಿಲ್ಲ. ಜಡಿಯುವಾಗ ಸೀಸದ ತೆಳು ಉಂಗುರವೊಂದು ಕತ್ತರಿಸಿ ಬರುವಷ್ಟು ಬಿಗಿಯಾದ ಗುಂಡನ್ನು ಬಳಸಿ, ಗುಂಡಿನ ಮೇಲೆ ಗ್ರೀಸನ್ನೋ ಅಡಿಯಲ್ಲಿ ಜಿಡ್ಡು ಹಚ್ಚಿದ ಬಿಲ್ಲೆಯನ್ನೋ ಇಡುವುದು ವಾಡಿಕೆ. ಕೋಲ್ಟ್ ಕಂಪನಿಯ 1855ರ ಮಾದರಿಯ, ತಿರುಗುವ ಸಿಲಿಂಡರಿನ ರೈಫಲ್ ಈ ದೋಷದಿಂದಲೇ ಹೆಸರು ಕೆಡಿಸಿಕೊಂಡಿತು, ಏಕೆಂದರೆ ಅದನ್ನು ಹಿಡಿಯುವ ಎಡಗೈ ಸಿಲಿಂಡರಿನ ಮುಂದಕ್ಕೆ ಚಾಚಿಕೊಂಡಿರುತ್ತಿತ್ತು. ನಿಮ್ಮ ಕೈಯ ಯಾವ ಭಾಗವೂ ಸಿಲಿಂಡರಿನ ಮುಂದೆ ಇರದಿರಲಿ.

ಉಡುಪು ಹತ್ತಿ, ಉಣ್ಣೆ ಅಥವಾ ಚರ್ಮದ್ದಾಗಿರಲಿ. ನೈಲಾನ್, ಪಾಲಿಯೆಸ್ಟರ್ ಬಟ್ಟೆಗಳು ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತವೆ, ಕ್ಷಣಮಾತ್ರದ ಝಳದಿಂದ ಆಗುವ ಮೇಲುಗಾಯವನ್ನು ಆಳದ ಗಾಯವನ್ನಾಗಿ ಮಾಡುತ್ತವೆ. ಧೂಮಪಾನದ ವಿಷಯ ಹೇಳಬೇಕಾಗಿಯೇ ಇಲ್ಲ. ನೆಲಕ್ಕೆ ಚೆಲ್ಲಿದ ಮದ್ದನ್ನು ವ್ಯಾಕ್ಯೂಮ್ ಯಂತ್ರದಿಂದ ಎಳೆಯದೆ, ನೀರು ಹಾಕಿ ತೋಯಿಸಿ ಒರೆಸಿ ತೆಗೆಯಿರಿ. ಹೊಗೆರಹಿತ ಮದ್ದನ್ನು, ಅಂದರೆ ಈಗಿನ ಕೋವಿಗಳ ಮದ್ದನ್ನು, ಕರಿಮದ್ದಿನ ಕೋವಿಗೆ ಒಂದು ಚಿಟಿಕೆಯಷ್ಟೂ ಹಾಕಬಾರದು. ಅದು ಹುಟ್ಟಿಸುವ ಒತ್ತಡವನ್ನು ಆ ನಳಿಗೆ ತಾಳುವುದಿಲ್ಲ.

ಇನ್ನು ಅವಘಡ ಆದ ಕ್ಷಣದಲ್ಲಿ ಮಾಡಬೇಕಿದ್ದದ್ದು. ಎಲ್ಲರೂ ಹಾರಿಸುವುದನ್ನು ನಿಲ್ಲಿಸಬೇಕು, ಕೋವಿಗಳು ಗುರಿಯ ದಿಕ್ಕಿಗೇ ಇರಬೇಕು, ಗಾಯಗೊಂಡವರನ್ನು ಉಳಿದ ಮದ್ದಿನಿಂದ ದೂರ ಕರೆದೊಯ್ಯಬೇಕು. ಬಟ್ಟೆ ಹೊತ್ತಿದ್ದರೆ ಓಡಲು ಬಿಡದೆ ನೆಲಕ್ಕೆ ಮಲಗಿಸಿ ಹೊರಳಿಸಿ, ಇಲ್ಲವೇ ದಪ್ಪ ಬಟ್ಟೆ ಹೊದಿಸಿ ಆರಿಸಬೇಕು. ಅನಂತರದ ಔಷಧವೆಂದರೆ ನೀರು. ಹರಿಯುವ ತಣ್ಣೀರಿನ ಕೆಳಗೆ ಸುಟ್ಟ ಭಾಗವನ್ನು ಪೂರ್ತಿ 20 ನಿಮಿಷ ಹಿಡಿಯಬೇಕು. ನೀರು ಕೂಡಲೇ ಸಿಗದಿದ್ದರೂ ಗಾಯವಾಗಿ ಮೂರು ಗಂಟೆಯ ಒಳಗೆ ಹೀಗೆ ತಣಿಸಿದರೆ ಪ್ರಯೋಜನವಿದೆ. ನನ್ನ ಬಳಿ ಬರುವವರಲ್ಲಿ ಹೆಚ್ಚಿನವರು ಎರಡು ನಿಮಿಷ ನೀರು ಹಾಕಿ, ಉರಿ ಕಡಿಮೆಯಾಯಿತೆಂದು ನಿಲ್ಲಿಸಿರುತ್ತಾರೆ. ಚರ್ಮದ ಮೇಲ್ಪದರ ತಣಿದರೂ ಅದರ ಕೆಳಗಿನ ಪದರಗಳಲ್ಲಿ ಬಿಸಿ ಉಳಿದು ಸುಡುತ್ತಲೇ ಇರುತ್ತದೆ ಎಂಬುದು ಅವರಿಗೆ ತಿಳಿದಿರುವುದಿಲ್ಲ. ಮಂಜುಗಡ್ಡೆ ಬೇಡ, ಅದು ರಕ್ತನಾಳಗಳನ್ನು ಸಂಕುಚಿಸಿ ಗಾಯವನ್ನು ಇನ್ನಷ್ಟು ಕೆಡಿಸುತ್ತದೆ. ಎಣ್ಣೆ, ಬೆಣ್ಣೆ, ಟೂತ್‌ಪೇಸ್ಟ್, ಶಾಯಿ ಯಾವುದೂ ಬೇಡ. ಅವು ಬಿಸಿಯನ್ನು ಒಳಗೇ ಹಿಡಿದಿಡುತ್ತವೆ, ಗಾಯದ ಆಳವನ್ನು ವೈದ್ಯರ ಕಣ್ಣಿಗೆ ಮರೆಮಾಡುತ್ತವೆ. ಕೈ ಬಾತುಕೊಳ್ಳುವ ಮೊದಲೇ ಉಂಗುರ, ಗಡಿಯಾರಗಳನ್ನು ತೆಗೆಯಿರಿ. ಅಂಟಿಕೊಂಡ ಬಟ್ಟೆಯನ್ನು ಕೀಳದೆ ಸುತ್ತ ಕತ್ತರಿಸಿ ಬಿಡಿ, ಬೊಬ್ಬೆಗಳನ್ನು ಒಡೆಯಬೇಡಿ. ತಣಿಸಿದ ಮೇಲೆ ಅಡುಗೆಮನೆಯ ತೆಳು ಪ್ಲಾಸ್ಟಿಕ್ ಹಾಳೆಯನ್ನೋ ಎಳೆ ಬಿಡದ ಶುಭ್ರ ಬಟ್ಟೆಯನ್ನೋ ಬಿಗಿಯದೆ ಹೊದಿಸಿ, ಉಳಿದ ಮೈಯನ್ನು ಬೆಚ್ಚಗಿಟ್ಟು ಆಸ್ಪತ್ರೆಗೆ ಹೊರಡಿ.

ಗಾಯಗೊಂಡವರ ಅಂಗೈ, ಬೆರಳುಗಳೂ ಸೇರಿದಂತೆ, ಅವರ ಮೈಯ ಸುಮಾರು ಶೇಕಡ 1ರಷ್ಟು ಇರುತ್ತದೆ. ಅದಕ್ಕಿಂತ ದೊಡ್ಡ ಗಾಯ, ಮುಖ, ಕೈ, ಪಾದ, ಗುಪ್ತಾಂಗ ಮತ್ತು ಕೀಲುಗಳ ಮೇಲಿನ ಎಷ್ಟೇ ಚಿಕ್ಕ ಗಾಯ, ಬಿಳಿಚಿಕೊಂಡು ಅಥವಾ ಕರಕಲಾಗಿ ನೋವೇ ಇಲ್ಲದ ಗಾಯ, ಇವೆಲ್ಲ ಅದೇ ದಿನ ವೈದ್ಯರ ಕಣ್ಣಿಗೆ ಬೀಳಬೇಕು. ನೋವಿಲ್ಲದಿರುವುದು ಒಳ್ಳೆಯ ಲಕ್ಷಣವಲ್ಲ, ನರಗಳ ತುದಿಗಳೇ ಸುಟ್ಟಿರುವುದರ ಗುರುತು. ಮೂಗಿನ ಕೂದಲು ಸುಟ್ಟಿದ್ದರೆ, ದನಿ ಒಡೆದಿದ್ದರೆ, ಉಗುಳಿನಲ್ಲಿ ಮಸಿ ಕಂಡರೆ ಉಸಿರಿನ ದಾರಿ ಬಾತುಕೊಳ್ಳುವ ಸಂಭವವಿರುವುದರಿಂದ ತುರ್ತುಸೇವೆಯನ್ನೇ ಕರೆಯಬೇಕು. ಧನುರ್ವಾಯು ಚುಚ್ಚುಮದ್ದಿನ ಬಗ್ಗೆ ವೈದ್ಯರಿಗೆ ನೆನಪಿಸಿ. ಮೊದಲ ದಿನ ಮೇಲುಮೇಲಿನದು ಎಂದು ಕಂಡ ಗಾಯ ಎರಡು ಮೂರು ದಿನಗಳಲ್ಲಿ ಆಳಕ್ಕಿಳಿಯುವುದುಂಟು, ಹಾಗಾಗಿ ಮರುತಪಾಸಣೆಯನ್ನು ತಪ್ಪಿಸಬಾರದು.

ಕಣ್ಣಿಗೆ ಮದ್ದು ಹಾರಿದ್ದರೆ ಉಜ್ಜಬೇಡಿ. ಕಾಂಟ್ಯಾಕ್ಟ್ ಲೆನ್ಸ್ ಸುಲಭವಾಗಿ ಬಂದರೆ ತೆಗೆದು, ಶುದ್ಧ ನೀರಿನ ಸಣ್ಣ ಧಾರೆಯಲ್ಲಿ 15–20 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಿ. ಕೇಪಿನ ಚೂರು ಕಣ್ಣಿನೊಳಗೆ ನಾಟಿರಬಹುದೆಂಬ ಅನುಮಾನವಿದ್ದರೆ ಮಾತ್ರ ತೊಳೆಯುವುದೂ ಒತ್ತುವುದೂ ಕೂಡದು. ಕಣ್ಣಿಗೆ ತಾಗದಂತೆ ಕಾಗದದ ಲೋಟವೊಂದನ್ನು ಮರೆಯಾಗಿ ಕಟ್ಟಿ ಕರೆದೊಯ್ಯಬೇಕು.

ಈಗ ಕೆನ್ನೆಯ ಚುಕ್ಕೆಗಳ ವಿಷಯ. ಅವು ಸುಟ್ಟ ಕಲೆಗಳಲ್ಲ, ಚರ್ಮದೊಳಗೆ ಹೂತುಹೋದ ಮದ್ದಿನ ಕಾಳುಗಳು ಮತ್ತು ಮಸಿ. ಹಚ್ಚೆ ಹಾಕುವವರು ಸೂಜಿಯಿಂದ ಮಾಡುವ ಕೆಲಸವನ್ನು ಇಲ್ಲಿ ಸ್ಫೋಟದ ರಭಸವೇ ಮಾಡಿದೆ. ಇವುಗಳನ್ನು ತೆಗೆಯಲು ತಕ್ಕ ಕಾಲ ಮೊದಲ 24 ಗಂಟೆ, ತಡವೆಂದರೆ ಎರಡು ಮೂರು ದಿನ. ಆಗ ಅರಿವಳಿಕೆ ಕೊಟ್ಟು, ಗಟ್ಟಿ ಬ್ರಷ್ಷಿನಿಂದ ಉಜ್ಜಿ ತೊಳೆದು, ಉಳಿದ ಕಾಳುಗಳನ್ನು ಸೂಜಿಯ ಮೊನೆಯಿಂದ ಒಂದೊಂದಾಗಿ ಎತ್ತುತ್ತಾರೆ. ನೋಡಲು ಒರಟು ಕೆಲಸ, ಆದರೆ ಆ ಒಂದು ಗಂಟೆಯ ಉಜ್ಜುವಿಕೆ ಮುಂದಿನ ಹಲವು ವರ್ಷಗಳ ಕಲೆಯನ್ನು ತಪ್ಪಿಸುತ್ತದೆ. ಗಾಯ ಮಾಗಿ ಮೇಲೆ ಹೊಸ ಚರ್ಮ ಮುಚ್ಚಿಕೊಂಡರೆ ಕಾಳುಗಳು ಅದರಡಿ ನೆಲೆ ನಿಲ್ಲುತ್ತವೆ, ಯಾವ ಮುಲಾಮಿಗೂ ಜಗ್ಗುವುದಿಲ್ಲ. ನಿಮ್ಮ ಗೆಳೆಯರಿಗೆ ಆ ಅವಧಿ ದಾಟಿದೆ. ಹಾಗೆಂದು ದಾರಿ ಮುಚ್ಚಿಲ್ಲ: ಹಚ್ಚೆ ಅಳಿಸುವ ಲೇಸರ್ ಚಿಕಿತ್ಸೆಯಿದೆ, ಚುಕ್ಕೆಗಳು ಕೆಲವೇ ಇದ್ದರೆ ಒಂದು ಮಿಲಿಮೀಟರಿನ ಸಣ್ಣ ಕೊರೆಯುವ ಸಾಧನದಿಂದ ಒಂದೊಂದನ್ನೇ ತೆಗೆಯುವ ಕ್ರಮವೂ ಇದೆ.

ಲೇಸರ್ ಮಾಡಿಸಲು ಹೋದಾಗ ಇದು ಶಾಯಿಯ ಹಚ್ಚೆಯಲ್ಲ, ಕರಿಮದ್ದಿನದ್ದು ಎಂದು ಚರ್ಮವೈದ್ಯರಿಗೆ ಸ್ಪಷ್ಟವಾಗಿ ಹೇಳಲೇಬೇಕು. ಚರ್ಮದೊಳಗೆ ಉರಿಯದೆ ಉಳಿದ ಕಾಳುಗಳಿದ್ದರೆ ಲೇಸರಿನ ಶಾಖಕ್ಕೆ ಅವು ಅಲ್ಲೇ ಹೊತ್ತಿಕೊಂಡು, ಕಿಡಿ ಕಾಣಿಸಿ, ಕೆನ್ನೆಯಲ್ಲಿ ಸಿಡುಬಿನ ಕಲೆಯಂಥ ಗುಳಿಗಳು ಬಿದ್ದ ಉದಾಹರಣೆಗಳು ವೈದ್ಯಕೀಯದಲ್ಲಿ ದಾಖಲಾಗಿವೆ. ಅದನ್ನು ಬಲ್ಲ ವೈದ್ಯರು ಕಿವಿಯ ಬಳಿಯ ಒಂದು ಚುಕ್ಕೆಯ ಮೇಲೆ ಮೊದಲು ಪರೀಕ್ಷಿಸಿ, ಕೆಲವು ವಾರ ಕಾದು, ಆಮೇಲಷ್ಟೇ ಮುಂದುವರಿಯುತ್ತಾರೆ. ಹಚ್ಚೆ ಅಳಿಸುವ ಅಂಗಡಿಯಲ್ಲಿ ಈ ಕೆಲಸ ಮಾಡಿಸುವುದು ಬೇಡ.

ಕೊನೆಯದಾಗಿ ಕೈಗವಸು. ತೆಳುವಾದ, ಮಣಿಕಟ್ಟನ್ನೂ ಮುಚ್ಚುವ ಚರ್ಮದ ಕೈಗವಸು ಒಂದು ಈಡಿನ ಝಳವನ್ನು ಚೆನ್ನಾಗಿ ತಡೆಯುತ್ತದೆ, ಕಾದ ನಳಿಗೆಯಿಂದಲೂ ಕಾಯುತ್ತದೆ. ಮದ್ದು ತುಂಬುವ ಕೈಗೆ ಅದನ್ನು ಹಾಕಿಕೊಳ್ಳಲಿ ಎಂದೇ ನನ್ನ ಸಲಹೆ. ಆದರೆ ಕುಪ್ಪಿ ಸಿಡಿದರೆ ಯಾವ ಕೈಗವಸೂ ಬೆರಳುಗಳನ್ನು ಉಳಿಸುವುದಿಲ್ಲ, ಕೆನ್ನೆಗಂತೂ ಕೈಗವಸು ಇಲ್ಲ. ಅವರ ಕೈಯ ಹೊಸ ಚರ್ಮ ಇನ್ನೂ ಗುಲಾಬಿ ಬಣ್ಣದಲ್ಲಿದ್ದರೆ, ಅದು ಸಹಜ ಬಣ್ಣಕ್ಕೆ ತಿರುಗುವವರೆಗೆ ಬಿಸಿಲಿಗೆ ಒಡ್ಡದೆ ಮುಚ್ಚಿಟ್ಟುಕೊಳ್ಳಲಿ, ಮುಖಕ್ಕೆ ಬಿಸಿಲು ತಡೆಯುವ ಲೇಪನ ಹಚ್ಚಲಿ. ಇಲ್ಲದಿದ್ದರೆ ಅಲ್ಲಿ ಕಪ್ಪು ಛಾಯೆ ಕಾಯಂ ಆಗಿ ಉಳಿಯಬಹುದು. ಬೆರಳುಗಳನ್ನು ಪೂರ್ತಿ ಮಡಚಿ ಮುಷ್ಟಿ ಕಟ್ಟಲು ನೋವಿಲ್ಲದೆ ಸಾಧ್ಯವಾದ ದಿನದಿಂದ ಅವರು ಮತ್ತೆ ಕೋವಿ ಹಿಡಿಯಬಹುದು. ಬೆಂಕಿಯ ಶಾಖಕ್ಕೆ ಸಿಕ್ಕಿದ ಆ ಕುಪ್ಪಿಯ ಸ್ಪ್ರಿಂಗನ್ನು ಮಾತ್ರ ನಂಬುವಂತಿಲ್ಲ. ಅದನ್ನು ನೀರಿನಲ್ಲಿ ನೆನೆಸಿ, ಒಳಗೆ ಒಂದು ಕಾಳೂ ಉಳಿಯದಂತೆ ತೊಳೆದು, ಯಾರೂ ಮತ್ತೆ ಬಳಸದಂತೆ ಮೂತಿ ಜಜ್ಜಿ ಎಸೆಯಿರಿ.